ಸಾರಾಜಾಕನ ಆಕಳಿಕೆ

ಡಾಕ್ಟರ್ ಎವಾರಿಸ್ತ್ ಮಾಲ್ಬೋಸ್ಕನಿಗೆ ಸತ್ತವರ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಕಿವಿಯೊಳಗಿನ ನಾಳಕ್ಕೆ ಯೂಸ್ಟೇಶಿಯಸನ ಹೆಸರು, ಹೆಣ್ಣಿನ ಗರ್ಭಕೋಶದ ಪಕ್ಕದ ನಾಳಕ್ಕೆ ಫೆಲೋಪಿಯಸನ ಹೆಸರು. ಇರಲಿ, ಅವರೆಲ್ಲ ಮಣ್ಣಾಗಿ ಮುನ್ನೂರು ವರ್ಷವಾಯಿತು, ಮಣ್ಣಾದವರ ಮೇಲೆ ಯಾರಾದರೂ ಕರುಬುತ್ತಾರೆಯೇ? ಅವನ ಹೊಟ್ಟೆ ಉರಿಯುತ್ತಿದ್ದದ್ದು ಉಂಡುಟ್ಟು, ಬೊಜ್ಜು ಬೆಳೆಸಿಕೊಂಡು, ಕಣ್ಣೆದುರೇ ಓಡಾಡುತ್ತಿದ್ದ ಒಬ್ಬನೇ ಒಬ್ಬನನ್ನು ಕಂಡು. ಅವನು ಒಕ್ತಾವ್ ಸಾರಾಜಾಕ್. ಓದುವ ಕಾಲದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಹೆಣವನ್ನು ಆ ಪಕ್ಕ ಈ ಪಕ್ಕ ನಿಂತು ಕೊಯ್ದು ಕಲಿತವರು. ಈಗ ಇಬ್ಬರಿಗೂ ಐವತ್ತು ದಾಟಿತ್ತು. ಪ್ಯಾರಿಸ್ಸಿನ ಒಂದೇ ಆಸ್ಪತ್ರೆಯಲ್ಲಿ, ಅಂಗಳದ ಆಚೆಗೊಬ್ಬನ ವಾರ್ಡು, ಈಚೆಗೊಬ್ಬನ ವಾರ್ಡು.

ಸಾರಾಜಾಕನ ಹೆಸರಿನಲ್ಲಿ ಆಗಲೇ ಎರಡು ಆಸ್ತಿಗಳಿದ್ದವು. ಮೇಲಿನ ಪಕ್ಕೆಲುಬಿನ ಮೇಲೆ ಬಟಾಣಿ ಕಾಳಿನಷ್ಟು ಒಂದು ಉಬ್ಬು ಇದೆಯಲ್ಲ, ಅದು ಸಾರಾಜಾಕನ ಉಬ್ಬು. ಮಕ್ಕಳಿಗೆ ಬಂದು ತಾನಾಗಿಯೇ ಬಿಟ್ಟುಹೋಗುವ ಒಂದು ಜ್ವರ ಸಾರಾಜಾಕನ ಜ್ವರ. ಮಾಲ್ಬೋಸ್ಕನ ಹೆಸರಿನಲ್ಲಿ ಇದ್ದದ್ದು ಮನೆ ಬಾಗಿಲಿನ ಹಿತ್ತಾಳೆ ಫಲಕ ಮಾತ್ರ. ಪಾಠ ಮಾಡುವಾಗ ಆ ಪಕ್ಕೆಲುಬು ಕೈಗೆ ಬಂದರೆ ಅವನ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಅದು ಹುಡುಗರಿಗೂ ಗೊತ್ತು.

“ಈ ಉಬ್ಬಿಗೆ ಏನಂತಾರೆ ಗುರುಗಳೇ?” ಎಂದು ಬೇಕೆಂದೇ ಕೇಳುತ್ತಿದ್ದರು.

“ಉಬ್ಬು ಅಂತಾರೆ.”

“ಬರೀ ಉಬ್ಬಾ?”

“ಬರೀ ಉಬ್ಬು. ಮುಂದಿನ ಎಲುಬು ತಗೋ.”

ಮನೆಯಲ್ಲಿ ಅಕ್ಕ ಒನೊರಿನ್. ಮದುವೆಯಾಗದ ಅಕ್ಕ, ಮದುವೆಯಾಗದ ತಮ್ಮನ ಮನೆ ನೋಡಿಕೊಂಡಿದ್ದಳು. ದಿನವೂ ಸೂಪಿನ ಜೊತೆಗೆ ಅವನ ಸಂಕಟವನ್ನೂ ಅವಳೇ ಕುಡಿಯಬೇಕಾಗಿತ್ತು.

“ಆ ಉಬ್ಬನ್ನ ಮಾಡಿದ್ದು ದೇವರು ಕಣಕ್ಕಾ. ಇವನೇನು ಮಾಡಿದ? ತಡವಿದ, ಅಷ್ಟೇ.”

“ಹಾಗಾದ್ರೆ ನೀನೂ ಎಲ್ಲಾದ್ರೂ ತಡವು ಹೋಗು. ಮೈಯಲ್ಲಿ ಇನ್ನೂ ಜಾಗ ಉಳಿದಿರಬಹುದು,” ಎನ್ನುತ್ತಿದ್ದಳು ಒನೊರಿನ್.

ನಮ್ಮ ವೈದ್ಯರಲ್ಲಿ ಒಂದು ಕಟ್ಟಳೆಯಿದೆ. ಯಾರೂ ಬರೆದಿಟ್ಟಿಲ್ಲ, ಆದರೆ ಮುರಿದವನ ಮರ್ಯಾದೆ ಉಳಿಯುವುದಿಲ್ಲ. ತಾನು ಕಂಡುಹಿಡಿದದ್ದಕ್ಕೆ ತನ್ನ ಹೆಸರನ್ನು ತಾನೇ ಇಡುವಂತಿಲ್ಲ. ಇನ್ನೊಬ್ಬ ಇಡಬೇಕು. ಕೈ ನಡುಗುವ ರೋಗವನ್ನು ಬರೆದಿಟ್ಟ ಪಾರ್ಕಿನ್ಸನ್ ಎಂಬ ಇಂಗ್ಲಿಷ್ ವೈದ್ಯ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಪ್ಯಾರಿಸ್ಸಿನವರು ಅದಕ್ಕೆ ಅವನ ಹೆಸರಿಟ್ಟರು. ಪಾಪ, ಅವನಿಗೆ ಗೊತ್ತೇ ಆಗಲಿಲ್ಲ. ಬದುಕಿರುವಾಗಲೇ ಹೆಸರು ಬೇಕೆಂದರೆ ಶಿಷ್ಯರು ಬೇಕು. ಅವರಿಗೆ ಊಟ ಹಾಕಬೇಕು, ಹೆಗಲ ಮೇಲೆ ಕೈಹಾಕಬೇಕು, ಪರೀಕ್ಷೆಯಲ್ಲಿ ಕೈ ಬಿಡಬಾರದು. ಸಾರಾಜಾಕನಿಗೆ ಇದೆಲ್ಲ ಹುಟ್ಟಿನಿಂದಲೇ ಬಂದಿತ್ತು. ಮಾಲ್ಬೋಸ್ಕ್ ಶಿಷ್ಯರನ್ನು ಬೈಯುತ್ತಿದ್ದ. ಬೈಸಿಕೊಂಡವರು ಕಲಿತರು, ಚೆನ್ನಾಗಿಯೇ ಕಲಿತರು. ಆದರೆ ಬೈದವನ ಹೆಸರನ್ನು ಯಾರು ನಾಲಗೆಯ ಮೇಲೆ ಹೊತ್ತು ತಿರುಗುತ್ತಾರೆ?

ಆದರೂ ಅವನ ಹತ್ತಿರ ಒಂದು ನಿಧಿಯಿತ್ತು. ಅಲ್ಜೀರಿಯಾದಿಂದ ಮರಳಿದ ಸಿಪಾಯಿಗಳು ಅವನ ವಾರ್ಡಿಗೆ ಬರುತ್ತಿದ್ದರು. ಅಲ್ಲಿ ಆಮಶಂಕೆ ಹಿಡಿದು, ಇಲ್ಲಿಗೆ ಬರುವ ಹೊತ್ತಿಗೆ ಯಕೃತ್ತಿನಲ್ಲಿ ಕೀವು ಕಟ್ಟಿರುತ್ತಿತ್ತು. ಮೇಲುಭಾಗದಲ್ಲಿ, ಎದೆಯ ಗೂಡಿನ ಕೆಳಗೆ ಅಡಗಿ ಕೂತ ಕೀವು ಹೊರಗಿನಿಂದ ಕೈಗೆ ಸಿಗುವುದಿಲ್ಲ. ಎಲ್ಲಿ ಕೊಯ್ಯಬೇಕೆಂದು ತಿಳಿಯುವಷ್ಟರಲ್ಲಿ ಸಿಪಾಯಿ ಸತ್ತಿರುತ್ತಿದ್ದ. ಮಾಲ್ಬೋಸ್ಕ್ ಅವರ ಮಂಚದ ಪಕ್ಕ ಗಂಟೆಗಟ್ಟಲೆ ಸುಮ್ಮನೆ ಕೂತು ನೋಡುತ್ತಿದ್ದ, ನೋಡುವುದೊಂದೇ ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ. ಹಾಗೆ ನೋಡುತ್ತಿದ್ದಾಗ ಕಂಡದ್ದು ಇಷ್ಟು: ಅಂಥ ರೋಗಿಗೆ ಆಕಳಿಕೆ ಬಂದರೆ ಅದು ಪೂರ್ತಿಯಾಗುವುದಿಲ್ಲ. ಅರ್ಧ ಬಾಯಿ ತೆರೆಯುವಷ್ಟರಲ್ಲಿ ಎಲ್ಲೋ ಚುಚ್ಚಿದಂತೆ ನಿಂತುಬಿಡುತ್ತದೆ, ಎಡಗೈ ತಾನಾಗಿ ಬಲಭುಜವನ್ನು ಹಿಡಿದುಕೊಳ್ಳುತ್ತದೆ. ನೋವಿರುವುದು ಹೊಟ್ಟೆಯಲ್ಲಿ, ಹಿಡಿಯುವುದು ಭುಜವನ್ನು. ಬೇರೆ ಹೊಟ್ಟೆನೋವಿನವರು ಹಾಗೆ ಮಾಡುವುದಿಲ್ಲ. ಆಕಳಿಕೆ ಅಂಟುಜಾಡ್ಯ ಎಂದು ಎಲ್ಲರಿಗೂ ಗೊತ್ತು. ವೈದ್ಯ ರೋಗಿಯೆದುರು ಬಾಯಿ ತುಂಬ ಆಕಳಿಸಿದರೆ ಆಯಿತು, ಪರೀಕ್ಷೆ ಮುಗಿಯಿತು.

ಇದನ್ನು ಅವನು ಒಂದು ವೈದ್ಯಪತ್ರಿಕೆಗೆ ಬರೆದು ಕಳಿಸಿಯೂ ನೋಡಿದ. ಅಚ್ಚಾಯಿತು, ಯಾರೂ ಓದಲಿಲ್ಲ. ಹೆಸರಿಲ್ಲದ ರೋಗಲಕ್ಷಣ ಹಿಡಿಯಿಲ್ಲದ ಪಾತ್ರೆಯ ಹಾಗೆ, ಎತ್ತಿ ಇನ್ನೊಬ್ಬರ ಕೈಗೆ ಕೊಡಲು ಬರುವುದಿಲ್ಲ. ಇನ್ನು ಶಿಷ್ಯರೇ ಗತಿ ಎಂದು, ವರ್ಷವರ್ಷವೂ ಹೊಸ ಹುಡುಗರಿಗೆ ಅದನ್ನು ತೋರಿಸಿ, ಕೊನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಒಬ್ಬನಾದರೂ ‘ಇದು ಮಾಲ್ಬೋಸ್ಕರ ಲಕ್ಷಣ’ ಎನ್ನಲಿ ಎಂದು ಕಾಯುತ್ತಿದ್ದ. ಹುಡುಗರು ಬೈಗುಳ ಬರುತ್ತದೇನೋ ಎಂದು ನೆಲ ನೋಡುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಹಠಮಾರಿ ಸಿಪಾಯಿಯೊಬ್ಬ ಸಿಕ್ಕಿಬಿದ್ದ. ಮಾಲ್ಬೋಸ್ಕ್ ಎಷ್ಟು ಆಕಳಿಸಿದರೂ ಅವನು ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಾನೆಯೇ ಹೊರತು ಬಾಯಿ ತೆರೆಯಲೊಲ್ಲ. ಸುತ್ತ ನಿಂತ ಹುಡುಗರಿಗೆ ಬೇಸರ. ಅದೇ ಹೊತ್ತಿಗೆ ಅಂಗಳದಾಚೆ ಸಾರಾಜಾಕನ ಪಾಠ ಮುಗಿದು ಚಪ್ಪಾಳೆ ಕೇಳಿಸಿತು. ಮಾಲ್ಬೋಸ್ಕನ ಹೊಟ್ಟೆಯೊಳಗಿನ ಉರಿ ನಾಲಗೆಯ ತುದಿಗೆ ಬಂತು.

“ಇವನಿಗೆ ಆಕಳಿಕೆ ಬರಿಸ್ಬೇಕು ಅಂದ್ರೆ ಹೊತ್ತುಕೊಂಡು ಹೋಗಿ ಸಾರಾಜಾಕನ ಪಾಠದಲ್ಲಿ ಕೂರಿಸ್ಬೇಕು. ಅಲ್ಲಿ ಮೂಲೇಲಿ ನೇತಾಡೋ ಅಸ್ಥಿಪಂಜರ ಕೂಡ ಆಕಳಿಸುತ್ತಂತೆ,” ಎಂದ.

ಹುಡುಗರು ಗೊಳ್ಳೆಂದು ನಕ್ಕರು. ಮಾಲ್ಬೋಸ್ಕನ ಮಾತಿಗೆ ಆ ವಾರ್ಡಿನಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಸಿಪಾಯಿಯೂ ನಕ್ಕ, ನಕ್ಕು ಸಡಿಲಾದವನು ಬಾಯಿ ತೆರೆದ, ಅರ್ಧಕ್ಕೆ ನಿಲ್ಲಿಸಿ ಭುಜ ಹಿಡಿದುಕೊಂಡ.

“ನೋಡಿದ್ರಾ,” ಎಂದ ಮಾಲ್ಬೋಸ್ಕ್, ಖುಷಿಯಲ್ಲಿ. “ಹೆಸರು ಹೇಳಿದ್ದಕ್ಕೇ ಬಂತು. ಸಾರಾಜಾಕನ ಆಕಳಿಕೆ.”

ನಗು ಎಂಥ ರುಚಿಯ ಪದಾರ್ಥ ಎಂದರೆ, ಒಮ್ಮೆ ತಿಂದವನು ಮತ್ತೆ ಬೇಡದೆ ಇರಲಾರ. ಅವತ್ತಿನಿಂದ ಮಾಲ್ಬೋಸ್ಕ್ ದಿನಾ ಅದನ್ನೇ ಹೇಳತೊಡಗಿದ. ಹುಡುಗರು ಅವನ ವಾರ್ಡಿಗೆ ಮುಗಿಬೀಳತೊಡಗಿದರು. ಪ್ಯಾರಿಸ್ಸಿನ ಆಸ್ಪತ್ರೆಗಳ ಇಂಟರ್ನ್‌ಗಳ ಊಟದ ಕೋಣೆಯ ಗೋಡೆಗಳ ಮೇಲೆ ಹಿರಿಯ ವೈದ್ಯರನ್ನು ಗೇಲಿಮಾಡುವ ಬಣ್ಣದ ಚಿತ್ರಗಳಿರುತ್ತವೆ. ಹುಡುಗರದೇ ಕೈಕೆಲಸ, ಹಿರಿಯರಿಗೆ ಒಳಗೆ ಪ್ರವೇಶವಿಲ್ಲ. ಆ ವರ್ಷ ಅಲ್ಲಿ ಹೊಸ ಚಿತ್ರವೊಂದು ಮೂಡಿತು. ಸಾರಾಜಾಕ್ ಡೊಳ್ಳು ಹೊಟ್ಟೆ ಮುಂದೆ ಮಾಡಿಕೊಂಡು ಪಾಠ ಹೇಳುತ್ತಿದ್ದಾನೆ, ಮುಂದೆ ಕೂತವರೆಲ್ಲ ಬಾಯಿ ತೆರೆದಿದ್ದಾರೆ, ಒಬ್ಬ ಸಿಪಾಯಿ ಬಲಭುಜ ಹಿಡಿದುಕೊಂಡಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ ‘ಸಾರಾಜಾಕನ ಆಕಳಿಕೆ’.

ಹುಡುಗರ ಬಾಯಲ್ಲಿ ಇದನ್ನು ಕೇಳಿದ ಮಾಲ್ಬೋಸ್ಕ್ ಮನೆಗೆ ಬಂದು ಕುಣಿದಾಡಿಕೊಂಡು ಹೇಳಿದ. ಒನೊರಿನ್ ನಗಲಿಲ್ಲ.

“ಹಡೆದ ಮಗೂಗೆ ಎದುರುಮನೆಯವನ ಹೆಸರಿಟ್ಟು ಕರೀತಿದೀಯಲ್ಲೋ. ಅದು ದೊಡ್ಡದಾದ ಮೇಲೆ ಯಾರನ್ನ ಅಪ್ಪ ಅನ್ನುತ್ತೆ?” ಎಂದಳು.

“ತಮಾಷೆ ಕಣಕ್ಕಾ.”

“ತಮಾಷೆ ಅಂತ ನಿನಗೆ ಗೊತ್ತು, ನನಗೆ ಗೊತ್ತು. ಮಗೂಗೆ ಗೊತ್ತಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಲಿತ ಹುಡುಗರು ಲಿಯೋನ್, ಬೋರ್ದೊ, ಮಾರ್ಸೇಲುಗಳ ಆಸ್ಪತ್ರೆಗಳಿಗೆ ಚದುರಿಹೋದರು. ಹೋದಲ್ಲೆಲ್ಲ ಕೀವು ಹುಡುಕಿ ಜೀವ ಉಳಿಸಿದರು, ಇದೇನು ವಿದ್ಯೆ ಎಂದು ಅಲ್ಲಿಯವರು ಕೇಳಿದಾಗ ಬಾಯಿಗೆ ಬಂದ ಹೆಸರು ಹೇಳಿದರು. ಕೇಳಿದವರಿಗೆ ಸಾರಾಜಾಕನ ಪಾಠದ ರುಚಿ ಗೊತ್ತಿರಲಿಲ್ಲ, ಅವರಿಗೆ ಅದರಲ್ಲಿ ನಗು ಎಲ್ಲಿಂದ ಬರಬೇಕು? ಉಬ್ಬು ಕಂಡುಹಿಡಿದವರೇ ಇದನ್ನೂ ಕಂಡುಹಿಡಿದಿದ್ದಾರೆ ಎಂದುಕೊಂಡರು. ಕೊನೆಗೆ ಬೋರ್ದೊದ ಶಸ್ತ್ರವೈದ್ಯನೊಬ್ಬ ಯಕೃತ್ತಿನ ರೋಗಗಳ ಮೇಲೆ ದಪ್ಪ ಪುಸ್ತಕ ಬರೆದು, ಅದರಲ್ಲಿ ‘ಸಾರಾಜಾಕ್ ಲಕ್ಷಣ’ ಎಂದು ಒಂದು ಅಧ್ಯಾಯವನ್ನೇ ಇಟ್ಟ.

ಆ ಪುಸ್ತಕವನ್ನು ಮಾಲ್ಬೋಸ್ಕನ ಕೈಗೆ ಕೊಟ್ಟವನು ಲಜಾರ್, ಅವನ ವಾರ್ಡಿನ ಹಿರಿಯ ಇಂಟರ್ನ್. ಮಾಲ್ಬೋಸ್ಕ್ ನಿಂತಲ್ಲೇ ಓದಿದ. ಒಬ್ಬ ಸಿಪಾಯಿಯ ಮಂಚದ ಅಂಚಿನಲ್ಲಿ ಕೂತು ಮತ್ತೆ ಮೊದಲಿನಿಂದ ಓದಿದ. ಅಧ್ಯಾಯದ ತುಂಬ ಅವನ ಕಣ್ಣು, ಅವನ ತಾಳ್ಮೆ, ಅವನ ವರ್ಷಗಳು, ಹೆಸರು ಮಾತ್ರ ಆ ಬೊಜ್ಜಿನವನದು. ಅದನ್ನು ಕದ್ದವರು ಯಾರೂ ಇಲ್ಲ. ಕದ್ದಿದ್ದರೆ ಬೈಯಬಹುದಿತ್ತು, ಇದು ತನ್ನದೇ ನಾಲಗೆ ಕೊಟ್ಟ ದಾನ. ಆ ನಾಲಗೆಯನ್ನು ಕಿತ್ತು ಕಸದ ಬುಟ್ಟಿಗೆ ಎಸೆಯಬೇಕೆನಿಸಿತು.

“ಇದು ನಂದು,” ಎಂದ ಲಜಾರನಿಗೆ. “ನಾನು ಕಂಡುಹಿಡಿದಿದ್ದು.”

ಲಜಾರ್ ಬೇರೆ ಆಸ್ಪತ್ರೆಯಿಂದ ಹೊಸದಾಗಿ ಇಲ್ಲಿಗೆ ಬಂದವನು, ಚಿತ್ರ ಬಿಡಿಸಿದ ತಂಡದವನಲ್ಲ. ಗೋಡೆಗೂ ಅಷ್ಟರಲ್ಲಿ ಹೊಸ ಬಣ್ಣ ಬಳಿದಾಗಿತ್ತು. ಅವನು ಹಿಂದೆ ನಿಂತಿದ್ದ ಹುಡುಗರ ಕಡೆ ಒಮ್ಮೆ ನೋಡಿ, ರೋಗಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದ: “ಆಗಲಿ ಗುರುಗಳೇ. ಸಾರಾಜಾಕ್ ಅವರನ್ನ ಕಂಡ್ರೆ ನಿಮಗೆ ಮೊದಲಿಂದ್ಲೂ ಅಷ್ಟಕ್ಕಷ್ಟೆ ಅಂತ ಎಲ್ಲಾರಿಗೂ ಗೊತ್ತು. ಮನಸ್ಸಿಗೆ ಹಚ್ಕೋಬೇಡಿ.”

ಹೊಟ್ಟೆಕಿಚ್ಚಿನವನ ನಿಜವನ್ನೂ ಜನ ಹೊಟ್ಟೆಕಿಚ್ಚೆಂದೇ ತಿಳಿಯುತ್ತಾರೆ. ಮಾಲ್ಬೋಸ್ಕ್ ಆಮೇಲೆ ಬಾಯಿ ತೆರೆಯಲಿಲ್ಲ. ಊಟ ಸೇರುತ್ತಿರಲಿಲ್ಲ. ಅಂಗಳದಲ್ಲಿ ಸಾರಾಜಾಕ್ ಎದುರಾದರೆ ಔಷಧದ ಕೋಣೆಗೆ ನುಗ್ಗಿ ಬಾಟಲಿ ಎಣಿಸುವವನಂತೆ ನಿಲ್ಲುತ್ತಿದ್ದ. ಅತ್ತ ಊರಿನಲ್ಲಿ ಕಥೆ ಇನ್ನೊಂದು ದಾರಿ ಹಿಡಿದಿತ್ತು. ಹಳೆಯ ಪತ್ರಿಕೆ ತಿರುವುತ್ತ ಈಗ ಅವನ ಲೇಖನ ಕಂಡ ಒಬ್ಬಿಬ್ಬರು, ‘ನೋಡಿ, ಮಾಲ್ಬೋಸ್ಕರೇ ಕಂಡುಹಿಡಿದು, ಹಳೆಯ ಸ್ನೇಹಿತನ ಹೆಸರಿಟ್ಟಿದ್ದಾರೆ. ಎಂಥ ದೊಡ್ಡ ಮನಸ್ಸು’ ಎಂದು ಮಾತಾಡಿಕೊಂಡರು. ಆ ಮಾತು ಸಾರಾಜಾಕನ ಕಿವಿಗೂ ಬಿತ್ತು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಸಾರಾಜಾಕ್ ಮನೆಗೇ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಒನೊರಿನ್ ಕಾಫಿ ತಂದಿಟ್ಟಳು, ಹೋಗುವವಳಂತೆ ಮಾಡಿ ಕಿಟಕಿಯ ಹತ್ತಿರ ಹೊಲಿಗೆ ಹಿಡಿದು ಕೂತಳು.

“ಎವಾರಿಸ್ತ್, ನಾನು ನಿದ್ದೆ ಮಾಡಿ ಬಹಳ ದಿನ ಆಯ್ತು ಕಣೋ,” ಎಂದ ಸಾರಾಜಾಕ್. ನಿಜವಾಗಿಯೂ ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. “ನಿನ್ನ ಲೇಖನ ಹುಡುಕಿಸಿ ಓದಿದೆ. ಅದು ನಿನ್ನದು. ಅಂಥಾದ್ದಕ್ಕೆ ನನ್ನ ಹೆಸರು ಯಾಕೋ ಇಟ್ಟೆ?”

ಮಾಲ್ಬೋಸ್ಕ್ ತಲೆ ತಗ್ಗಿಸಿ ಕಾಫಿಗೆ ಸಕ್ಕರೆ ಹಾಕಿ ಕಲಕತೊಡಗಿದ. ಹೇಳುವುದೇನು? ನಿನ್ನ ಪಾಠದಲ್ಲಿ ಅಸ್ಥಿಪಂಜರವೂ ಆಕಳಿಸುತ್ತದೆ ಎಂದು ಆಡಿಕೊಂಡೆ, ಅದು ಬೆಳೆದು ಹೆಸರಾಯಿತು ಎನ್ನುವುದೇ?

ಉತ್ತರಕ್ಕೆ ಸಾರಾಜಾಕ್ ಕಾಯಲೂ ಇಲ್ಲ. “ನಿನಗೆ ಒಂದು ನಿಜ ಹೇಳ್ತೀನಿ. ಆ ಉಬ್ಬು ಇದೆಯಲ್ಲ, ಅದನ್ನ ಮೊದಲು ನೋಡಿದ್ದು ನಾನಲ್ಲ, ನನ್ನ ಹತ್ತಿರ ಇದ್ದ ಒಬ್ಬ ಹುಡುಗ. ಜ್ವರ ಅಂತೂ ಊರ ದಾದಿಯರಿಗೆಲ್ಲ ಗೊತ್ತಿದ್ದದ್ದೇ. ಹುಡುಗರು ಪ್ರೀತಿಗೆ ನನ್ನ ಹೆಸರಿಟ್ರು, ನಾನು ಇಡಿಸಿಕೊಂಡೆ. ಆದ್ರೆ ಕಾಣೋ ಕಣ್ಣು ಇದ್ದದ್ದು ನಿನಗೆ. ಹೆಣ ಕೊಯ್ಯೋ ಕಾಲದಿಂದ್ಲೂ ಅಷ್ಟೇ, ನಾನು ನಿನ್ನ ಮುಖ ನೋಡಿ ಎಲ್ಲಿ ಕೊಯ್ಯಬೇಕು ಅಂತ ತಿಳ್ಕೋತಿದ್ದೆ. ಆಗಿಂದ್ಲೂ ನಿನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಏನಾದ್ರೂ ಆಗ್ಲಿ, ಗುಣದಲ್ಲಿ ನಾನೇ ಮೇಲು, ಈ ಮನುಷ್ಯ ಬರೀ ಸಿಡುಕ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಈಗ ನೀನು ಅದನ್ನೂ ಕಿತ್ಕೊಂಡೆ. ಗುಣದಲ್ಲೂ ನೀನೇ ಮೇಲು ಅಂದ್ರೆ ನನಗೆ ಉಳಿದದ್ದೇನು?”

ಮಾಲ್ಬೋಸ್ಕ್ ತಲೆಯೆತ್ತಿದ. ಎದುರಿಗೆ ಕೂತವನ ಮುಖವನ್ನು, ರೋಗಿಯನ್ನು ನೋಡುವಂತೆ, ಗಮನವಿಟ್ಟು ನೋಡಿದ. ತುಟಿ ಬಿಗಿದಿತ್ತು, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಆ ರೋಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದುರಿನವನಿಗೆ ನಿಜವಾಗಿಯೂ ಉರಿಯುತ್ತಿದೆ, ತನ್ನನ್ನು ಕಂಡು ಉರಿಯುತ್ತಿದೆ ಎಂದು ಗೊತ್ತಾದಾಗ ಮಾಲ್ಬೋಸ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

“ಈ ಭಿಕ್ಷೆ ನನಗೆ ಬೇಡ,” ಎಂದ ಸಾರಾಜಾಕ್. “ಮಂಗಳವಾರ ವೈದ್ಯರ ಸಭೆ ಇದೆ. ಎಲ್ಲಾರ ಮುಂದೆ ಎದ್ದು ನಿಂತು ಹೇಳ್ತೀನಿ, ಇದು ಮಾಲ್ಬೋಸ್ಕನ ಲಕ್ಷಣ, ಇನ್ಮೇಲೆ ಹಾಗೇ ಕರೀಬೇಕು ಅಂತ. ನಾನು ಹೇಳಿದ್ರೆ ನಡೆಯುತ್ತೆ. ನೀನು ಹೂಂ ಅನ್ನು ಸಾಕು. ನಾನು ಹಗುರಾಗಿ ಮಲಗ್ತೀನಿ.”

ಕಿಟಕಿಯ ಹತ್ತಿರ ಒನೊರಿನ್‌ಳ ಸೂಜಿ ನಿಂತಿತು.

ಮೂವತ್ತು ವರ್ಷ ಹಂಬಲಿಸಿದ ಹೆಸರು, ಬೇಡದೆಯೇ, ಮನೆ ಬಾಗಿಲಿಗೆ ಬಂದು ಕೂತಿತ್ತು. ಹೂಂ ಎಂದರೆ ಮಂಗಳವಾರ ಅದು ತನ್ನದು. ಆದರೆ ಹೂಂ ಎಂದರೆ ಬುಧವಾರ ಸಾರಾಜಾಕ್ ಚೆನ್ನಾಗಿ ನಿದ್ದೆ ಮಾಡಿ ಏಳುತ್ತಾನೆ, ಕೆನ್ನೆಗೆ ಮತ್ತೆ ರಂಗು ಬರುತ್ತದೆ. ಈ ಕಪ್ಪು ಕಣ್ಣು, ಈ ಬಿಗಿದ ತುಟಿ ಇನ್ನೆಲ್ಲಿ ನೋಡಲು ಸಿಗುತ್ತವೆ? ಮಾಲ್ಬೋಸ್ಕನಿಗೆ ಹೆಸರಿನ ಮೇಲಿನ ಆಸೆ ದೊಡ್ಡದೇ. ಆದರೆ ಎದುರಿನವನು ಉರಿಯುವುದನ್ನು ನೋಡುವ ಆಸೆ ಅದಕ್ಕಿಂತ ಹಳೆಯದು.

“ಬೇಡ ಒಕ್ತಾವ್,” ಎಂದ, ಸಂತನ ದನಿಯಲ್ಲಿ. “ಕೊಟ್ಟದ್ದನ್ನ ವಾಪಸ್ ತಗೋಳೋ ಜಾತಿ ನಾನಲ್ಲ. ನಿನ್ನ ಹತ್ರಾನೇ ಇರ್ಲಿ. ನೀನು ಸಭೇಲಿ ಹಾಗೆ ಹೇಳಿದ್ರೆ ನಾನೇ ಎದ್ದು ಅಲ್ಲಗಳೀತೀನಿ.”

ಸಾರಾಜಾಕ್ ಕಾಫಿ ಮುಟ್ಟದೆ ಎದ್ದುಹೋದ. ಮಾಲ್ಬೋಸ್ಕ್ ಕಿಟಕಿಗೆ ಬಂದು, ಅವನು ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಹೋಗುವುದನ್ನು ಮೂಲೆ ತಿರುಗುವವರೆಗೂ ನೋಡಿದ.

“ಮೂಗು ಕೊಯ್ಕೊಂಡು ಅಪಶಕುನ ಮಾಡಿದ ಹಾಗಾಯ್ತಲ್ಲೋ ನಿನ್ನ ಕಥೆ,” ಎಂದಳು ಒನೊರಿನ್.

“ಅವನ ಮುಖ ನೋಡಿದೆಯಾ ಅಕ್ಕಾ?”

“ನೋಡಿದೆ. ಅದರಲ್ಲಿ ಹೊಸದೇನಿತ್ತು? ದಿನಾ ಊಟದ ಮೇಜಿನ ಆ ಕಡೆ ಅದೇ ಮುಖ ನೋಡ್ತಾ ಬಂದಿದೀನಿ.”

ಅವತ್ತು ಮಾಲ್ಬೋಸ್ಕ್ ಎರಡು ಸಲ ಬಡಿಸಿಕೊಂಡು ಉಂಡ. ಮರುದಿನದಿಂದ ವಾರ್ಡಿನಲ್ಲಿ ‘ಸಾರಾಜಾಕರ ಲಕ್ಷಣ’ ಎಂದು ತೊದಲದೆ ಹೇಳಿಕೊಟ್ಟ. ಬೈಯುವುದೂ ಕಡಿಮೆಯಾಯಿತು. ಹುಡುಗರು ಗುರುಗಳಿಗೆ ಏನಾಯಿತು ಎಂದು ಬೆರಗಾದರು. ಅಂಗಳದಲ್ಲಿ ಈಗ ಅವನು ಸಾರಾಜಾಕನಿಗಾಗಿ ಕಾದು ನಿಲ್ಲುತ್ತಿದ್ದ, ಅವನ ಮುಖದ ಕಪ್ಪನ್ನು ನೋಡಿಕೊಂಡು ದಿನ ಶುರುಮಾಡುತ್ತಿದ್ದ.

ಆದರೆ ಹೊಟ್ಟೆಕಿಚ್ಚು ಎಲ್ಲರ ಕೈಲಾಗುವ ಕೆಲಸವಲ್ಲ. ಅದನ್ನು ದಿನಾ ಊದಬೇಕು, ಸೌದೆ ಒಟ್ಟಬೇಕು, ನಿದ್ದೆ ಕೆಟ್ಟು ಕಾಯಬೇಕು. ಸಾರಾಜಾಕ್ ಸುಖಜೀವಿ, ಅವನಿಗೆ ಅಷ್ಟು ಶ್ರದ್ಧೆ ಎಲ್ಲಿಂದ ಬರಬೇಕು? ಈಸ್ಟರ್ ಹಬ್ಬ ಬರುವಷ್ಟರಲ್ಲಿ ಅವನ ಕಣ್ಣಿನ ಕಪ್ಪು ಹೋಯಿತು. ‘ಕೊಟ್ಟವನೇ ಬೇಡ ಅಂದ ಮೇಲೆ ನಾನೇನು ಮಾಡಲಿ’ ಎಂದುಕೊಂಡ, ಆಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟ. ತಿಂಗಳು ಕಳೆದಂತೆ ಮೂರನೆಯ ಹೆಸರು ಹೊಸ ಕೋಟಿನಂತೆ ಮೈಗೆ ಹೊಂದಿಕೊಂಡಿತು.

ಮುಂದಿನ ವಸಂತದಲ್ಲಿ ವೈದ್ಯರ ಸಂಘದವರು ಮಧ್ಯಾಹ್ನದ ಔತಣವಿಟ್ಟುಕೊಂಡಿದ್ದರು. ಸಾರಾಜಾಕನ ಒಂದು ಪಕ್ಕ ಲಿಸ್ಬನ್ನಿನಿಂದ ಬಂದ ಎಳೆಯ ವೈದ್ಯ, ಇನ್ನೊಂದು ಪಕ್ಕ ಮಾಲ್ಬೋಸ್ಕ್.

“ಆ ಲಕ್ಷಣ ತಮಗೆ ಹೊಳೆದದ್ದು ಹೇಗೆ ಸಾರ್?” ಎಂದು ಅತಿಥಿ ಭಕ್ತಿಯಿಂದ ಕೇಳಿದ.

“ಹೇಗೆ ಅಂತ ಹೇಳ್ಲಿ? ರೋಗಿಯ ಹತ್ರ ಕೂತು ನೋಡ್ತಾ ನೋಡ್ತಾ ಹೊಳೆಯುತ್ತೆ,” ಎಂದ ಸಾರಾಜಾಕ್, ಬಾಯಲ್ಲಿದ್ದದ್ದನ್ನು ನುಂಗಿ. ಆಮೇಲೆ ಮಾಲ್ಬೋಸ್ಕನ ಹೆಗಲ ಮೇಲೆ ಪ್ರೀತಿಯಿಂದ ಕೈಹಾಕಿದ. “ಇವರು ನನ್ನ ಹಳೇ ಗೆಳೆಯರು. ಇವರೂ ಅದನ್ನ ಬಹಳ ಸಲ ನೋಡಿದಾರೆ.”

ಮಾಲ್ಬೋಸ್ಕ್ ಅವನ ಮುಖದಲ್ಲಿ ಹುಡುಕಿದ. ಕುಹಕ ಸಿಕ್ಕಿದ್ದರೂ ಸಾಕಾಗಿತ್ತು, ಒಂದು ಕಿಡಿ ಉರಿ ಸಿಕ್ಕಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು. ಏನೂ ಇರಲಿಲ್ಲ. ಆ ಮನುಷ್ಯ ನಿಜವಾಗಿಯೂ ಮರೆತಿದ್ದ. ಗದ್ದದ ಮೇಲೆ ಬೆಣ್ಣೆ ಹೊಳೆಯುತ್ತಿತ್ತು, ಅಷ್ಟೇ. ಕೊಟ್ಟ ಹೆಸರು ಹೋಗಿತ್ತು, ಅದಕ್ಕೆ ಬದಲಾಗಿ ಕೊಂಡ ಅವನ ಉರಿಯೂ ಆರಿಹೋಗಿತ್ತು. ಉಳಿದದ್ದು ತನ್ನ ಹೊಟ್ಟೆಯಲ್ಲಿದ್ದ ಹಳೆಯ ಬೆಂಕಿಯೊಂದೇ.

ಅತಿಥಿ ಸಾರಾಜಾಕನ ಬೆನ್ನ ಹಿಂದಿನಿಂದ ಈಚೆಗೆ ಬಾಗಿದ. “ನಮ್ಮಲ್ಲಿ ಅದು ಅಷ್ಟು ಸುಲಭವಾಗಿ ಕಾಣಿಸಲ್ಲ ಸಾರ್. ರೋಗಿಗಳು ಆಕಳಿಸೋದೇ ಇಲ್ಲ.”

“ಮೊದಲು ನಗಿಸಿ,” ಎಂದ ಮಾಲ್ಬೋಸ್ಕ್. “ನಕ್ಕು ಮೈ ಸಡಿಲ ಆಗ್ಬೇಕು. ಆಮೇಲೆ ಅವರ ಎದುರು ನೀವೇ ಆಕಳಿಸಿ. ಬಾಯಿ ನೋಡ್ಬೇಡಿ, ಎಡಗೈ ನೋಡಿ.”

“ಎಡಗೈ,” ಎಂದ ಅತಿಥಿ, ನೆನಪಿಟ್ಟುಕೊಳ್ಳುವವನಂತೆ. “ಬಹಳ ಉಪಕಾರವಾಯ್ತು. ಕ್ಷಮಿಸಿ, ತಮ್ಮ ಹೆಸರು ಗೊತ್ತಾಗ್ಲಿಲ್ಲ.”

ಮಾಲ್ಬೋಸ್ಕ್ ಹೆಸರು ಹೇಳಿದ. ಅತಿಥಿ ವಿನಯದಿಂದ ತಲೆಯಾಡಿಸಿ, ಸಾರಾಜಾಕನ ಕಡೆ ತಿರುಗಿ ಕೂತ.